ಇಮೆಲ್ಡಾ ಬಾಯಿಯನ್ನು ನಾನು ಕೇಳದ ಪ್ರಶ್ನೆ

ಇಮೆಲ್ಡಾ ಬಾಯಿಯ ಬಗ್ಗೆ ಬರೆಯಲು ನನಗಿಂತ ಯೋಗ್ಯರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಅವರಿಗೆಲ್ಲ ಗೊತ್ತಿರುವುದು ಅರ್ಧ, ಅದರಲ್ಲೂ ಒಂದು ಮಾತು ಶುದ್ಧ ಸುಳ್ಳು. ನಿಜ ಗೊತ್ತಿರುವುದು ಮೂವರಿಗೆ. ಇಮೆಲ್ಡಾ ಬಾಯಿ ಹೇಳುವುದಿಲ್ಲ. ಅವರ ಸೊಸೆ ರೇಚಲ್‌ಗೆ ಅತ್ತೆಯ ಮಾತು ಮೀರುವ ಅಭ್ಯಾಸವಿಲ್ಲ. ಉಳಿದವಳು ನಾನು. ಇಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ. ನನ್ನ ಮೇಲೆ ನನಗೇ ಅಸಹ್ಯ ಬಂದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ಹೆಸರು ನವ್ಯಶ್ರೀ. ಊರು ಕಾರ್ಕಳದಿಂದ ಮುಂದೆ ಬಜಗೋಳಿ, ವಾಸ ಪರ್ಕಳದ ಒಂದು ಬಾಡಿಗೆ ಕೋಣೆ, ಕೆಲಸ ನರ್ಸ್. ಆಸ್ಪತ್ರೆ ಯಾವುದು ಎಂದು ಬರೆಯುವುದಿಲ್ಲ, ಏಕೆಂದರೆ ತಪ್ಪು ಕಟ್ಟಡದ್ದಲ್ಲ.

ನಾನು ಅಲ್ಲಿ ಸೇರಿದಾಗ ಇಮೆಲ್ಡಾ ಬಾಯಿ ಸುಟ್ಟಗಾಯದ ವಾರ್ಡಿನ ಆಯಾ ಆಗಿ ಇಪ್ಪತ್ತೈದು ವರ್ಷ ಕಳೆದಿದ್ದರು. ಶಂಕರಪುರದ ಕ್ರೈಸ್ತರು. ಮನೆಯ ಸುತ್ತ ಮಲ್ಲಿಗೆ ಗಿಡ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಕಟ್ಟಿ, ಹೂವಿನವರಿಗೆ ಕೊಟ್ಟು, ಎಂಟರ ಬಸ್ಸಿಗೆ ಡ್ಯೂಟಿಗೆ ಬರುವವರು. ಗಂಡ ಕಜೆಟನ್ ಬಸ್ ಡ್ರೈವರ್. ಮಗ ಎಡ್ವಿನ್ ಹೈಸ್ಕೂಲಿನಲ್ಲಿ ಇರುವಾಗಲೇ ಅವರು ತೀರಿಹೋದರು. ಆ ಮಗನನ್ನು ಓದಿಸಿ, ದೋಹಾಕ್ಕೆ ಕಳಿಸಿ, ಮದುವೆ ಮಾಡಿಸಿದ್ದು ಒಂದು ಕೈಯಲ್ಲಿ ಮಲ್ಲಿಗೆ, ಇನ್ನೊಂದು ಕೈಯಲ್ಲಿ ನಮ್ಮ ವಾರ್ಡಿನ ಬಕೆಟ್ ಹಿಡಿದು.

ಬರೇ ಆಯಾ ಅಂದರೆ ಅವರಿಗೆ ಅವಮಾನ. ಗಾಯಕ್ಕೆ ಅಂಟಿದ ಬಟ್ಟೆಯನ್ನು ರೋಗಿ ಕಿರುಚದಂತೆ ಬಿಡಿಸುವುದು ಹೇಗೆಂದು ನನಗೆ ಕಲಿಸಿದ್ದು ನರ್ಸಿಂಗ್ ಕಾಲೇಜಲ್ಲ, ಅವರು. ಮೊದಲ ದಿನ ನಾನು ಅವಸರದಿಂದ ಎಳೆಯಲು ಹೋದೆ. ನನ್ನ ಕೈಗೇ ಒಂದು ಏಟು ಬಿತ್ತು.

"ಅದು ಚರ್ಮ ಮಾರಾಯ್ತಿ, ಗೋಡೆಗೆ ಅಂಟಿಸಿದ ಪೋಸ್ಟರ್ ಅಲ್ಲ. ನೀರು ಹಾಕು, ಕಾಯಿ. ಅದಾಗಿಯೇ ಬಿಡ್ತದೆ."

ಕೈ ತೊಳೆಯುವುದರಲ್ಲಂತೂ ಅವರು ಯಮ. ಮೊಣಕೈ ತನಕ ತೊಳೆಯದೆ ವಾರ್ಡಿಗೆ ಕಾಲಿಟ್ಟರೆ ಡಾಕ್ಟರನ್ನೂ ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಸಿಟ್ಟು ಬರುತ್ತಿದ್ದದ್ದು ಮನೆಮದ್ದು ಹಚ್ಚಿಕೊಂಡು ಬರುವವರನ್ನು ಕಂಡಾಗ. ಟೂತ್‌ಪೇಸ್ಟ್, ಕಾಫಿಪುಡಿ, ಜೇನು, ಬೂದಿ, ಮೊಟ್ಟೆಯ ಬಿಳಿ. "ಇದು ಎಂತ ಗಾಯವಾ, ತಿಂಡಿಯಾ? ಸುಟ್ಟ ಕೂಡಲೆ ತಣ್ಣೀರು, ಆಮೇಲೆ ಆಸ್ಪತ್ರೆ. ನಡುವೆ ಎಂತದೂ ಇಲ್ಲ!" ತುಳುವಿನಲ್ಲಿ ಬೈಯುವರು, ಕೊಂಕಣಿಯಲ್ಲಿ ಬೈಯುವರು, ಕಾಪುವಿನ ಕಡೆಯ ಬ್ಯಾರಿ ಮುಸ್ಲಿಮರು ಬಂದರೆ ಬ್ಯಾರಿ ಭಾಷೆಯಲ್ಲೂ ಬೈಯುವರು. ಬೈಸಿಕೊಂಡವರೇ ಮನೆಗೆ ಹೋಗುವಾಗ ಅವರ ಕೈ ಹಿಡಿದು ಅಳುತ್ತಿದ್ದರು.

ನಿವೃತ್ತಿಯಾದ ಮೇಲೂ ಡಾಕ್ಟರ್ ಲಿಯೋನೆಲ್ ಅವರನ್ನು ಬಿಡಲಿಲ್ಲ. ಎರಡು ವರ್ಷದ ಹಿಂದೆ ನಮ್ಮಲ್ಲಿ ಒಂದು ಅಧ್ಯಯನ ಶುರುವಾಯಿತು. ಹೆರಿಗೆಯಾದ ಮೇಲೆ ಎಸೆದುಬಿಡುವ ಹೊಕ್ಕುಳಬಳ್ಳಿಯನ್ನು ತಾಯಂದಿರ ಒಪ್ಪಿಗೆ ಪಡೆದು ಇಟ್ಟುಕೊಳ್ಳುವುದು. ಅದರಿಂದ ಸ್ಟೆಮ್ ಸೆಲ್ ತೆಗೆದು, ಲ್ಯಾಬಿನಲ್ಲಿ ಬೆಳೆಸಿ, ಜೆಲ್‌ನಲ್ಲಿ ಕಲಸಿ ಸುಟ್ಟಗಾಯಕ್ಕೆ ಹಚ್ಚುವುದು. ಆ ಕೋಶಗಳು ಗಾಯದ ಉರಿ ತಗ್ಗಿಸಿ ಹೊಸ ಚರ್ಮ ಬರಲು ಸಹಾಯ ಮಾಡುತ್ತವೆಯೇ, ತೊಡೆಯ ಚರ್ಮ ಕಿತ್ತು ಕಸಿ ಮಾಡುವುದು ತಪ್ಪುತ್ತದೆಯೇ ಎಂದು ನೋಡುವುದು. ಒಟ್ಟು ಹನ್ನೆರಡು ರೋಗಿಗಳು. ಅರ್ಜಿ ತುಂಬಿಸಿ ಲೆಕ್ಕ ಇಡುವವಳು ನಾನು. ಮನೆಯವರಿಗೆ ಅವರವರ ಭಾಷೆಯಲ್ಲಿ ತಿಳಿಸಿ ಹೇಳಲು ಇಮೆಲ್ಡಾ ಬಾಯಿ.

ಅರ್ಜಿಯಲ್ಲಿ ಏಳನೆಯ ಪ್ರಶ್ನೆ: ಗಾಯಕ್ಕೆ ಮನೆಯಲ್ಲಿ ಏನಾದರೂ ಹಚ್ಚಿದ್ದೀರಾ? ಹೌದು ಎಂದರೆ ಅಧ್ಯಯನಕ್ಕೆ ಸೇರಿಸುವಂತಿಲ್ಲ. ನಾಳೆ ಗಾಯ ಕೀವು ಹಿಡಿದರೆ ಅದು ಜೆಲ್‌ನಿಂದಲೋ, ಮನೆಯಲ್ಲಿ ಹಚ್ಚಿದ್ದರಿಂದಲೋ ಎಂದು ಯಾರಿಗೂ ಹೇಳಲಾಗದಲ್ಲ. ಅಂಥವರಿಗೆ ಮಾಮೂಲು ಚಿಕಿತ್ಸೆ.

ಎಂಟು ಮಂದಿ ಆಗಿದ್ದರು. ರಂಜಾನಿನ ಒಂದು ಸೋಮವಾರ ಒಂಬತ್ತನೆಯವರಾಗಿ ಕಾಪುವಿನ ರುಕಿಯಮ್ಮ ಬಂದರು. ಅರುವತ್ತು ದಾಟಿದ ಹೆಂಗಸು. ಮಗನ ಅಂಗಡಿಗೆ ಸಂಜೆಯ ಸಮೋಸ ಕರಿಯುವಾಗ ಬಾಣಲೆ ಜಾರಿ ಎಣ್ಣೆ ಬಲಗೈ ಮೇಲೆ ಬಿದ್ದಿತ್ತು. ಜತೆಗೆ ಬಂದವಳು ಸೊಸೆ ರಿಝ್ವಾನಾ. ನಾನು ಏಳನೆಯ ಪ್ರಶ್ನೆ ಕೇಳಿದೆ. ಸೊಸೆ ತಲೆ ತಗ್ಗಿಸಿದಳು. ಸಂಶಯ ಬಂದು ಕೆದಕಿ ಕೆದಕಿ ಕೇಳಿದೆ, ರುಕಿಯಮ್ಮನ ಉಗುರಿನ ಸಂದಿಯನ್ನೂ ಬಿಡದೆ ನೋಡಿದೆ.

ರುಕಿಯಮ್ಮನೇ ಹೇಳಿದರು. "ಪೇಸ್ಟ್ ಹಚ್ಚಿದ್ದೇವೆ ಮೋಳೇ. ಇವಳು ಹೆದರಿ ಹಚ್ಚಿದ್ದು. ಉಪವಾಸದ ತಿಂಗಳು, ಸುಳ್ಳು ಹೇಳ್ಲಿಕ್ಕೆ ಉಂಟಾ?"

ನಾನು ಅರ್ಜಿಯ ಮೇಲೆ ಗೆರೆ ಎಳೆದೆ. ಅವರನ್ನು ಕಸಿಗೆ ಬರೆದರು, ಅದೇ ಗುರುವಾರ. ಕಾರಿಡಾರಿನಲ್ಲಿ ಇಮೆಲ್ಡಾ ಬಾಯಿ ರಿಝ್ವಾನಾಳನ್ನು ನಿಲ್ಲಿಸಿಕೊಂಡರು. ಎಲ್ಲರಿಗೂ ಅರ್ಥವಾಗಲಿ ಎಂದೋ ಏನೋ, ಆ ದಿನ ಬೈದದ್ದು ಕನ್ನಡದಲ್ಲಿ.

"ನೀನು ಕಾಲೇಜು ಕಲಿತವಳಲ್ವಾ? ಅತ್ತೆಯ ಕೈ ಎಂತ ಹಲ್ಲಾ, ಪೇಸ್ಟ್ ಹಚ್ಚಿ ತಿಕ್ಕಲಿಕ್ಕೆ? ನಿನ್ನ ಒಂದು ಬೆರಳಿನ ಪೇಸ್ಟಿನಿಂದ ಅವರಿಗೆ ಒಳ್ಳೆ ಔಷಧ ತಪ್ಪಿತು. ಇನ್ನು ತೊಡೆಯ ಚರ್ಮವೂ ಹೋಗ್ತದೆ. ಗೊತ್ತುಂಟಾ ನಿನಗೆ?"

ಆ ಹುಡುಗಿ ಶಾಲನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಬೆಂಚಿನಲ್ಲಿ ಕೂತವರೆಲ್ಲ ನೋಡುತ್ತಿದ್ದರು. ಸರಿಯಾಗಿ ಆಯಿತು, ಹೀಗೆಯೇ ಆಗಬೇಕು ಎಂದು ನಾನು ಪಕ್ಕದಲ್ಲಿ ನಿಂತು ತಲೆಯಾಡಿಸಿದೆ.

ಮರುದಿನ ಇಮೆಲ್ಡಾ ಬಾಯಿ ತಮ್ಮ ಸೊಸೆಯನ್ನೇ ರಿಕ್ಷಾದಲ್ಲಿ ಕರೆತಂದರು. ಶನಿವಾರ ಕಜೆಟನ್ ಅವರ ವರ್ಷದ ಪ್ರಾರ್ಥನೆ ಇತ್ತಂತೆ. ನೆಂಟರಿಗೆಂದು ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಅನ್ನ ಬೇಯಿಸಿ, ರೇಚಲ್ ಒಬ್ಬಳೇ ಗಂಜಿ ಬಸಿಯಲು ಹೋಗಿದ್ದಾಳೆ. ಹಿಡಿದ ಬಟ್ಟೆ ಜಾರಿ, ಮುಚ್ಚಳ ತಪ್ಪಿ, ಕುದಿಯುವ ಗಂಜಿಯೆಲ್ಲ ಎಡಗೈಗೆ. ಗಂಜಿ ನೀರಿನ ಹಾಗಲ್ಲ, ಅಂಟಿಕೊಂಡು ಸುಡುತ್ತದೆ. ಮೂರು ದಿನ ಇಮೆಲ್ಡಾ ಬಾಯಿ ಮನೆಯಲ್ಲೇ ಡ್ರೆಸ್ಸಿಂಗ್ ಮಾಡಿದ್ದರು. ಇಷ್ಟು ವರ್ಷ ಊರವರ ಗಾಯ ನೋಡಿದವಳಿಗೆ ಸೊಸೆಯ ಗಾಯ ನೋಡಿಕೊಳ್ಳಲು ಬರುವುದಿಲ್ಲವೇ ಎಂಬ ಹಮ್ಮು. ಬಿಚ್ಚಿ ನೋಡಿದರೆ ಗಾಯ ಅವರು ಅಂದುಕೊಂಡದ್ದಕ್ಕಿಂತ ಆಳಕ್ಕೆ ಹೋಗಿತ್ತು.

ಡಾಕ್ಟರ್ ಲಿಯೋನೆಲ್ ನೋಡಿ, "ನಿನ್ನೆ ಒಂಬತ್ತನೆಯ ಜಾಗ ಖಾಲಿ ಆಯ್ತಲ್ವಾ? ಇವಳನ್ನು ಸೇರಿಸುವ. ನವ್ಯಶ್ರೀ, ಅರ್ಜಿ ತುಂಬಿಸು" ಎಂದರು.

ತುಂಬಿಸಿದೆ. ವಯಸ್ಸು, ತೂಕ, ಸಕ್ಕರೆ ಕಾಯಿಲೆ, ಬಸಿರು, ಎಲ್ಲ ಕೇಳಿದೆ. ಪೆನ್ನು ಏಳನೆಯ ಪ್ರಶ್ನೆಗೆ ಬಂತು. ತಲೆಯೆತ್ತಿ ಇಮೆಲ್ಡಾ ಬಾಯಿಯ ಮುಖ ನೋಡಿ ನಗು ಬಂತು ನನಗೆ.

"ಇದನ್ನು ನಿಮ್ಮ ಹತ್ರ ಕೇಳಿದ್ರೆ ನೀವು ನನಗೆ ಹೊಡೀತೀರಿ" ಎಂದೆ. 'ಇಲ್ಲ' ಎಂಬಲ್ಲಿ ಗುರುತು ಹಾಕಿದೆ.

ಅವರು ನಗಲಿಲ್ಲ. ಸೊಸೆಯ ಕಂಬಳಿ ಸರಿಮಾಡಿದರು. ರೇಚಲ್ ಅತ್ತೆಯನ್ನೊಮ್ಮೆ ನೋಡಿ "ಮಾಯ್..." ಎಂದಳು. "ಮಲಗು ನೀನು" ಎಂದರು ಇಮೆಲ್ಡಾ ಬಾಯಿ. ನಾನು ಅದನ್ನೆಲ್ಲ ಕಣ್ಣಾರೆ ಕಂಡೆ. ಕಂಡೂ ಪುಟ ಮಗುಚಿದೆ. ಕಾಪುವಿನ ಹೆಂಗಸಿನ ಉಗುರು ಬಿಡಿಸಿ ನೋಡಿದವಳು ನಾನು. ನಮ್ಮ ಬಾಯಿಯ ಸೊಸೆಯನ್ನು ಒಂದು ಮಾತು ಕೇಳಲಿಲ್ಲ. ಗೌರವ ಎಂದು ಹೇಳಿಕೊಳ್ಳಬಹುದು. ಗೌರವ ಅಲ್ಲ, ನಮ್ಮವರು ಎಂಬ ಸಸಾರ.

ಬುಧವಾರ ಜೆಲ್ ಹಚ್ಚಿದರು. ಮುಂದಿನ ಸೋಮವಾರ ರೇಚಲ್‌ಗೆ ಜ್ವರ ಏರಿತು. ಬಟ್ಟೆ ಬಿಚ್ಚಿದರೆ ವಾಸನೆ. ಕೈಯಿಡೀ ಕೀವು. ಜೆಲ್ಲನ್ನೆಲ್ಲ ತೊಳೆದು ತೆಗೆಯಬೇಕಾಯಿತು.

ಎಂಟು ಮಂದಿಗೆ ಆಗದ್ದು ಒಂಬತ್ತನೆಯವಳಿಗೆ ಏಕಾಯಿತು? ನಿಯಮದ ಪ್ರಕಾರ ಅಧ್ಯಯನ ನಿಂತಿತು. ಅರ್ಜಿಯಲ್ಲಿ ನನ್ನ ಅಕ್ಷರದಲ್ಲಿ 'ಇಲ್ಲ' ಎಂದಿದೆ. ಹಾಗಾದರೆ ತಪ್ಪು ಗಾಯದ್ದಲ್ಲ, ಜೆಲ್‌ನದ್ದು. ಜೆಲ್‌ನದ್ದಾದರೆ ಲ್ಯಾಬಿನದ್ದು. ಲ್ಯಾಬಿನಲ್ಲಿ ಆ ಕೆಲಸ ಮಾಡುತ್ತಿದ್ದವನು ಭೋಜ. ಮಾತು ಕಡಿಮೆ, ಎರಡು ಮಕ್ಕಳ ತಂದೆ. ಶುಚಿತ್ವದಲ್ಲಿ ಎಲ್ಲೋ ಎಡವಿದ್ದೀಯೆಂದು ಅವನನ್ನು ಲ್ಯಾಬಿನಿಂದ ಹೊರಗಿಟ್ಟರು. ಶುಕ್ರವಾರ ಸಮಿತಿ ಸೇರುವುದು, ಉಳಿದ ಜೆಲ್ಲನ್ನೆಲ್ಲ ನಾಶ ಮಾಡುವುದು, ಭೋಜನನ್ನು ಕೆಲಸದಿಂದ ತೆಗೆಯುವುದು ಎಂದು ಸುದ್ದಿ. ಕ್ಯಾಂಟೀನಿನಲ್ಲಿ ಅವನು ಚಾ ಮುಂದಿಟ್ಟುಕೊಂಡು ಕುಡಿಯದೆ ಕೂತದ್ದನ್ನು ನೋಡಿದೆ. "ಸಿಸ್ಟರ್, ನಾನು ಎಲ್ಲ ಸರಿಯಾಗಿಯೇ ಮಾಡಿದ್ದು. ಎಲ್ಲಿ ತಪ್ಪಿತು ಅಂತ ನನಗೇ ಗೊತ್ತಾಗುದಿಲ್ಲ" ಎಂದ. ಪಾಪ ಅನ್ನಿಸಿತು. ಅಷ್ಟೇ ಅನ್ನಿಸಿದ್ದು.

ಬುಧವಾರ ಬೆಳಗ್ಗೆ ಏಳು ಗಂಟೆಗೆ ಪರ್ಕಳದ ನನ್ನ ಕೋಣೆಯ ಬಾಗಿಲು ತಟ್ಟಿದ ಸದ್ದು. ಇಮೆಲ್ಡಾ ಬಾಯಿ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನವ್ಯಾ, ನಾನು ಎಣ್ಣೆ ಹಚ್ಚಿದ್ದೇನೆ."

"ಎಂತ ಎಣ್ಣೆ?"

ಹೇಳಿದರು. ಎಡ್ವಿನ್ ಹುಟ್ಟಿದ ವರ್ಷ ಮನೆಯ ತೆಂಗಿನೆಣ್ಣೆಯನ್ನು ಒಂದು ಬಾಟ್ಲಿಯಲ್ಲಿ ತುಂಬಿಸಿ ಅತ್ತೂರಿನ ಚರ್ಚಿಗೆ ಹೋಗಿದ್ದರಂತೆ. ಸಂತ ಲಾರೆನ್ಸರ ಎದುರು ಮೊಣಕಾಲೂರಿ, ಬಾಟ್ಲಿಯನ್ನು ಮಡಿಲಲ್ಲಿಟ್ಟು ಪ್ರಾರ್ಥಿಸಿ ಮನೆಗೆ ತಂದದ್ದು. ಆ ಸಂತರನ್ನು ಕಬ್ಬಿಣದ ಸರಳಿನ ಮೇಲೆ ಮಲಗಿಸಿ ಕೆಳಗೆ ಬೆಂಕಿ ಹಾಕಿ ಕೊಂದರಂತೆ, ಅದಕ್ಕೆ ಸುಟ್ಟವರ ನೋವು ಅವರಿಗೆ ಗೊತ್ತು. ಎಣ್ಣೆ ಕಡಿಮೆಯಾದ ಹಾಗೆ ಮೇಲಿಂದ ಹೊಸತು ಸುರಿಯುವುದು. ಹಳೆಯದರಲ್ಲಿ ಹೊಸತು ಸೇರಿದರೆ ಅದೂ ಪವಿತ್ರ ಎಂದು ಅವರ ಲೆಕ್ಕ. ತೊಳೆದರೆ ಆಶೀರ್ವಾದ ಹೋಗುತ್ತದೆಂದು ಬಾಟ್ಲಿಯನ್ನು ಮೂವತ್ತೆರಡು ವರ್ಷ ತೊಳೆದಿರಲಿಲ್ಲ. ಹೀಗೆ ಮಾಡು ಎಂದು ಯಾವ ಪಾದ್ರಿಯೂ ಹೇಳಿದ್ದಲ್ಲ, ಅವರದ್ದೇ ತಲೆ.

"ತಲೆನೋವಿಗೆ ಹಚ್ಚುತ್ತಿದ್ದೆ, ಸೊಂಟನೋವಿಗೆ ಹಚ್ಚುತ್ತಿದ್ದೆ. ಭಾನುವಾರ ಆ ಹುಡುಗಿ ನೋವು ತಡೆಯಲಿಕ್ಕೆ ಆಗದೆ ಹಲ್ಲು ಕಚ್ಚಿಕೊಂಡು ಕೂತಿತ್ತು. ನನಗೆ ಕೈಕಾಲು ಬರಲಿಲ್ಲ ನವ್ಯಾ. ವಾರ್ಡಿನಲ್ಲಿ ಕಲಿತದ್ದೆಲ್ಲ ಎಲ್ಲಿ ಹೋಯ್ತೋ. ಬೇಡ ಮಾಯ್ ಅಂತ ಅವಳು ಹೇಳಿದಳು. ಹೇಳಿದಳು ಗೊತ್ತುಂಟಾ? ನಾನೇ ಹಚ್ಚಿದ್ದು. ಮೊಣಕೈಯಿಂದ ಬೆರಳಿನ ತನಕ."

ಭಾನುವಾರ. ನಾನು ಲೆಕ್ಕ ಹಾಕಿದೆ. ರಿಝ್ವಾನಾಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಅಳಿಸಿದ್ದು ಸೋಮವಾರ.

ನನ್ನ ಮುಖ ನೋಡಿ ಅವರಿಗೆ ತಿಳಿಯಿತು. "ಹೌದು" ಎಂದರು. "ಮನೆಯಲ್ಲಿ ಹಚ್ಚಿ ಬಂದು ಅವಳಿಗೆ ಬೈದದ್ದು. ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ಹಾಕಿದೆ. ಎಂಥ ಹೆಂಗಸು ನಾನು! ಈಗ ಆ ಭೋಜನ ಅನ್ನ ಹೋಗ್ತಾ ಉಂಟು. ಇವತ್ತು ಡಾಕ್ಟ್ರಿಗೆ ಹೇಳ್ತೇನೆ. ನಿನಗೆ ಮೊದಲು ಹೇಳುವ ಅಂತ ಬಂದೆ."

ಈಗ ನಾನು ಆಡಿದ ಮಾತನ್ನು ಬರೆಯಬೇಕು. ಬರೆಯಲು ಕೈ ಬರುವುದಿಲ್ಲ.

"ಹೇಳಬೇಡಿ" ಎಂದೆ.

ನಾನು ರೇಗಿದೆ. "ನಿಮಗೆ ಎಂತ, ನಿವೃತ್ತಿ ಆಗಿದೆ. ಗುರುತು ಹಾಕಿದವಳು ನಾನು. ಕೇಳದೆ ಹಾಕಿದ್ದು ಗೊತ್ತಾದರೆ ನನ್ನ ಕೆಲಸ ಹೋಗ್ತದೆ, ಇನ್ನೊಂದು ಕಡೆ ಯಾರೂ ತಕೊಳ್ಳುದಿಲ್ಲ. ಭೋಜನಿಗೆ ಬೇರೆ ಲ್ಯಾಬ್ ಸಿಗ್ತದೆ. ನನ್ನ ಗತಿ ಎಂತ?" ಇಷ್ಟನ್ನೂ ಗಟ್ಟಿ ಸ್ವರದಲ್ಲಿ ಹೇಳಿದೆ. ಛೀ, ಆ ಸ್ವರ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಇಮೆಲ್ಡಾ ಬಾಯಿ ನನ್ನ ತಲೆ ಮುಟ್ಟಿದರು. "ನಿನ್ನ ಕೆಲಸ ಹೋಗುದಿಲ್ಲ ಮಗಾ. ಮುಖ ತೊಳಕೊಂಡು ಬಾ, ಬಸ್ಸು ತಪ್ತದೆ" ಎಂದರು.

ಹತ್ತು ಗಂಟೆಗೆ ಡಾಕ್ಟರ್ ಲಿಯೋನೆಲ್ ಅವರ ಕೋಣೆಯಲ್ಲಿ ಅವರು ಎಲ್ಲ ಹೇಳಿದರು. ಒಂದು ನೆಪ ಸೇರಿಸಲಿಲ್ಲ, ಒಂದು ಹನಿ ಕಣ್ಣೀರು ಹಾಕಲಿಲ್ಲ. ನಾನು ಬಾಗಿಲ ಹತ್ತಿರ ಫೈಲು ಹಿಡಿದು ನಿಂತಿದ್ದೆ. ಡಾಕ್ಟರಿಗೆ ಸಿಟ್ಟಿಗಿಂತ ದುಃಖವೇ ಆದಂತಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ನವ್ಯಶ್ರೀ, ನೀನು ಇವರ ಹತ್ರ ಏಳನೆಯ ಪ್ರಶ್ನೆ ಕೇಳಲಿಲ್ವಾ?"

ಉತ್ತರ ಕೊಟ್ಟವರು ಇಮೆಲ್ಡಾ ಬಾಯಿ.

"ಕೇಳಿದಳು ಡಾಕ್ಟ್ರೇ. ಒಂದಲ್ಲ, ಮೂರು ಸಲ ಕೇಳಿದಳು. ನಾನೇ ಇಲ್ಲ ಅಂದದ್ದು."

ಡಾಕ್ಟರ್ ನನ್ನನ್ನು ನೋಡುತ್ತಲೇ ಇದ್ದರು. ಅಲ್ಲ ಡಾಕ್ಟ್ರೇ, ನಾನು ಕೇಳಲೇ ಇಲ್ಲ ಎಂದು ಹೇಳಲು ಎಷ್ಟು ಹೊತ್ತು ಬೇಕು? ಬಾಯಿ ತೆರೆದರೆ ಆಯಿತು. ನಾನು ಫೈಲನ್ನು ಎದೆಗೆ ಒತ್ತಿ ಹಿಡಿದು ನೆಲ ನೋಡಿದೆ. ಅವರು ಅದನ್ನು ಹೌದು ಎಂದೇ ತಿಳಿದುಕೊಂಡರು.

ಅಲ್ಲಿಂದ ಇಮೆಲ್ಡಾ ಬಾಯಿ ನೆಟ್ಟಗೆ ವಾರ್ಡಿಗೆ ಹೋದರು. ರುಕಿಯಮ್ಮನಿಗೆ ಕಸಿಯಾಗಿ ಆರು ದಿನ. ತೊಡೆ ಉರಿಯುತ್ತದೆಂದು ಕಾಲು ಚಾಚಿ ಒರಗಿದ್ದರು. ರಿಝ್ವಾನಾ ಕಿತ್ತಳೆ ಸುಲಿಯುತ್ತಿದ್ದಳು. ಸುತ್ತ ಆರು ಹಾಸಿಗೆಯವರು ಕೇಳುವಂತೆ ಇಮೆಲ್ಡಾ ಬಾಯಿ ಹೇಳಿದರು. ತಾವು ಎಣ್ಣೆ ಹಚ್ಚಿದ್ದು, ಸುಳ್ಳು ಹೇಳಿ ಅವರ ಜಾಗವನ್ನು ಸೊಸೆಗೆ ಕೊಡಿಸಿದ್ದು, ಔಷಧವೂ ದಂಡವಾದದ್ದು. ಬೈದದ್ದು ಎಲ್ಲರ ಎದುರು, ಹಾಗಾಗಿ ಕ್ಷಮೆ ಕೇಳುವುದೂ ಎಲ್ಲರ ಎದುರೇ ಎಂದರು.

ರುಕಿಯಮ್ಮ ನಕ್ಕುಬಿಟ್ಟರು. "ಹೋಗಲಿ ಬಿಡಿ ಬಾಯಿ. ಸೊಸೆಗಲ್ವಾ ಹಚ್ಚಿದ್ದು, ಪ್ರೀತಿಯಿಂದ ಹಚ್ಚಿದ್ದಲ್ವಾ? ನನಗೆ ಇವಳೂ ಹಾಗೆಯೇ ಹಚ್ಚಿದ್ದು."

ರಿಝ್ವಾನಾ ನಗಲಿಲ್ಲ. ಕಿತ್ತಳೆಯನ್ನು ಕೆಳಗಿಟ್ಟು ಕೇಳಿದಳು. "ನೀವು ನನಗೆ ಬೈದ ದಿನ, ನಿಮ್ಮ ಮನೆಯಲ್ಲಿ ಎಣ್ಣೆ ಹಚ್ಚಿ ಆಗಿತ್ತಾ?"

"ಆಗಿತ್ತು."

ರಿಝ್ವಾನಾ ಕಿತ್ತಳೆಯನ್ನು ಮತ್ತೆ ಕೈಗೆತ್ತಿಕೊಂಡು ಅತ್ತೆಯ ಕಡೆಗೆ ತಿರುಗಿದಳು. ಇಮೆಲ್ಡಾ ಬಾಯಿ ಹೊರಗೆ ಬಂದರು. ಅಷ್ಟು ವರ್ಷ ಗಟ್ಟಿ ಹೆಜ್ಜೆಯಲ್ಲಿ ಓಡಾಡಿದ ಕಾರಿಡಾರಿನಲ್ಲಿ ಗೋಡೆ ಹಿಡಿದು ನಡೆದರು. ಆ ದಿನವೇ ಅವರ ಕೊನೆಯ ದಿನ. ಯಾರೂ ಬರಬೇಡಿ ಎನ್ನಲಿಲ್ಲ, ಅವರೇ ಬರಲಿಲ್ಲ.

ಭೋಜ ಲ್ಯಾಬಿಗೆ ಮರಳಿದ. ಜೆಲ್ ಉಳಿಯಿತು. ರೇಚಲ್‌ಳ ಹೆಸರನ್ನು ಅಧ್ಯಯನದಿಂದ ತೆಗೆದರು. ಅವಳಿಗೂ ಕೊನೆಗೆ ತೊಡೆಯ ಚರ್ಮದ ಕಸಿಯೇ ಆಯಿತು. ಕೈ ಬಗ್ಗುತ್ತದೆ, ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಹನ್ನೆರಡು ಮಂದಿ ಮುಗಿದರು. ಹೆಚ್ಚಿನವರ ಗಾಯ ಚೆನ್ನಾಗಿ ಮಾಗಿತು, ಆದರೆ ಅದು ಸ್ಟೆಮ್ ಸೆಲ್‌ನಿಂದಲೇ ಎನ್ನಲು ಇನ್ನೂ ತುಂಬ ಮಂದಿಯನ್ನು ನೋಡಬೇಕು ಎನ್ನುತ್ತಾರೆ ಡಾಕ್ಟರ್.

ನನಗೆ ಏನಾಯಿತು? ಬಡ್ತಿಯಾಯಿತು. ಮೂರು ಸಲ ಕೇಳಿದರೂ ಮನೆಯವರು ಮುಚ್ಚಿಡುತ್ತಾರೆ, ಆದ್ದರಿಂದ ಇನ್ನು ಮೇಲೆ ರೋಗಿಯೊಬ್ಬರನ್ನೇ ಕೂರಿಸಿ ಕೇಳಬೇಕು ಎಂದು ಡಾಕ್ಟರ್ ಹೊಸ ನಿಯಮ ಮಾಡಿದರು. ಅದನ್ನು ಹೊಸಬರಿಗೆ ಕಲಿಸುವ ಕೆಲಸ ನನ್ನದು. ಭೋಜ ಒಂದು ದಿನ ಹೆಂಡತಿ ಮಾಡಿದ ಹೋಳಿಗೆ ತಂದುಕೊಟ್ಟ. "ನೀವು ಮೂರು ಸಲ ಕೇಳಿದ್ದಕ್ಕೇ ಬಾಯಿ ಕೊನೆಗೆ ಒಪ್ಪಿಕೊಂಡದ್ದು, ನಾನು ಉಳಿದೆ ಸಿಸ್ಟರ್" ಎಂದ. ತಕ್ಕೊಂಡೆ. ತಿಂದೆ ಕೂಡ.

ಶಂಕರಪುರಕ್ಕೆ ಒಂದು ಸಲ ಹೋದೆ. ಇಮೆಲ್ಡಾ ಬಾಯಿ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಮೊದಲಿನ ಹಾಗೆ ಜೋರಿಲ್ಲ, ಬೈಗುಳವಿಲ್ಲ. ಡಾಕ್ಟರಿಗೆ ನಿಜ ಹೇಳುತ್ತೇನೆ ಎಂದೆ. "ಎಂತಕ್ಕೆ? ಹಚ್ಚಿದ್ದು ನೀನಲ್ಲ. ನಿನ್ನದೂ ಯಾಕೆ ಹಾಳು ಮಾಡುದು? ಒಳ್ಳೆ ಕೆಲಸ ಮಾಡಿಕೊಂಡಿರು" ಎಂದರು. ನನಗೆ ಬೇಕಾಗಿದ್ದದ್ದೂ ಅದೇ ಮಾತು. ನೆಮ್ಮದಿಯಿಂದ ಬಸ್ಸು ಹತ್ತಿದೆ.

ಕಳೆದ ವಾರ ಹೊಸ ನರ್ಸುಗಳಿಗೆ ತರಗತಿ ಇತ್ತು. ಎಂಟು ಹುಡುಗಿಯರು. ಎದುರಿನ ಸಾಲಿನಲ್ಲಿ ಕೂತ ಒಬ್ಬಳು ಕೈ ಎತ್ತಿದಳು.

"ಸಿಸ್ಟರ್, ಇಲ್ಲಿ ಮೊದಲು ಒಬ್ಬರು ಆಯಾ ಇದ್ದರಂತೆ. ನೀವು ಮೂರು ಸಲ ಕೇಳಿದರೂ ಸುಳ್ಳು ಹೇಳಿದರಂತೆ. ಹೌದಾ?"

ಎಂಟು ಜೊತೆ ಕಣ್ಣು ನನ್ನ ಮೇಲೆ.

"ಹೌದು" ಎಂದೆ. "ಬರೆದುಕೊಳ್ಳಿ" ಎಂದೆ.